ಕೌದಿ ಒಣಗಿಸದ ಮಶೀನು

ನಮ್ಮ ಆಳಂದದ ಬಿಸಿಲಿಗೆ ಒದ್ದೆ ಬಟ್ಟೆ ಹರವಿ, ಒಂದು ಕಪ್ ಚಹಾ ಕುಡಿದು ಬರುವುದರೊಳಗೆ ಒಣಗಿರುತ್ತದೆ. ಅಂಥ ಊರಿಗೆ ನಾನು ಬಟ್ಟೆ ಒಣಗಿಸುವ ಮಶೀನು ತಂದಾಗ ಓಣಿಯವರು ನಕ್ಕರು. ಹೆಂಡತಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲಾರಳು ಎಂದೆ. ಅವಳು ಹಪ್ಪಳ ಒಣಹಾಕಲು ಮಾಳಿಗೆ ಹತ್ತುವುದನ್ನು ಕಣ್ಣಾರೆ ಕಂಡವರೇ ಅವರು. ಆದರೂ ನನ್ನ ಬಾಯಿಗೆ ಹೆದರಿ ಸುಮ್ಮನಾದರು.

ನಿಜ ಸಂಗತಿ ಬೇರೆ. ಪ್ರಾಸ್ಟೇಟ್ ಆಪರೇಷನ್ ಆದಮೇಲೆ ನನಗೆ ನಿದ್ದೆಯಲ್ಲಿ ಮೂತ್ರ ನಿಲ್ಲುತ್ತಿರಲಿಲ್ಲ. ಕ್ರಮೇಣ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಅವರ ಆ 'ಕ್ರಮೇಣ' ಮುಗಿಯುವ ಲಕ್ಷಣ ಕಾಣಲಿಲ್ಲ. ಹಳೇ ಸೀರೆಗಳನ್ನು ಪದರುಪದರಾಗಿ ಹೊಲಿದ ದಪ್ಪ ಕೌದಿಯೊಂದನ್ನು ಹೆಂಡತಿ ನನ್ನ ಹಾಸಿಗೆಯ ಮೇಲೆ ಹಾಸುತ್ತಿದ್ದಳು, ಬೆಳಿಗ್ಗೆ ಮಾತಿಲ್ಲದೆ ತೊಳೆಯುತ್ತಿದ್ದಳು. ದಿನಾ ಅದೇ ಕೌದಿ ಮಾಳಿಗೆಯ ಹಗ್ಗದ ಮೇಲೆ ಕಂಡರೆ ಓಣಿಗೆ ಅರ್ಥವಾಗದೇ ಇದ್ದೀತೆ? ಕಾಳು-ಕಡಿ ಕೊಳ್ಳುವ ಅಡತಿ ಅಂಗಡಿಯಲ್ಲಿ ಕೂತು, ರೈತರ ತೊಗರಿ ಚೀಲಕ್ಕೆ ಕೈ ಹಾಕಿ, "ಹಸಿ ಅದ, ಹೊತ್ಕೊಂಡು ಹೋಗು" ಎಂದು ನಾಕು ಮಂದಿಯ ಮುಂದೆ ಗದರಿಸಿ ಬದುಕಿದವನು ನಾನು. ನನ್ನ ಹಾಸಿಗೆ ಹಸಿ ಎಂಬುದು ಯಾರಿಗೂ ಗೊತ್ತಾಗಬಾರದಿತ್ತು.

ಮಶೀನು ಕೆಲವು ತಿಂಗಳು ನನ್ನ ಮಾನ ಕಾಯ್ದು ಆಮೇಲೆ ಕೈಕೊಟ್ಟಿತು. ಡ್ರಮ್ಮು ತಿರುಗುತ್ತಿತ್ತು, ಕೌದಿ ಮಾತ್ರ ಉಗುರುಬೆಚ್ಚಗಾಗಿ, ಒಳಪದರೆಲ್ಲ ಹಸಿಯಾಗಿಯೇ ಹೊರಗೆ ಬರುತ್ತಿತ್ತು. ಅಫಜಲಪುರದಿಂದ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದೆ. ಊರಿನವನು ಬೇಡವೆಂದೇ ಅಷ್ಟು ದೂರದವನು.

ನಗುಮುಖದ ಸಾಬರ ಹುಡುಗ. ಮಶೀನಿನ ಕಸ ಹಿಡಿಯುವ ಜಾಳಿಗೆ ತೆಗೆದು ನೋಡಿದ. "ಕಸ ಇಲ್ರಿ, ಗಾಳಿನೂ ಸರಿ ಹೋಗಾಕತ್ತದ. ಇದ್ರಾಗ ಏನೇನ್ ಒಣಗಸ್ತೀರಿ, ಸಾವ್ಕಾರ್ರ?"

"ಅಂಗಿ, ಧೋತರ," ಎಂದೆ.

ಅವನು ಡ್ರಮ್ಮಿಗೆ ಕೈ ಹಾಕಿದ. ನಾನು ತೆಗೆಯಲು ಮರೆತಿದ್ದ ಕೌದಿ ಹೊರಬಂತು. "ಇದನ್ನ ದಿನಾ ಹಾಕ್ತೀರೇನ್ರಿ? ಖರೆ ಹೇಳ್ರಿ. ದಪ್ಪ ಬಟ್ಟಿಗಿ ಮಶೀನ್ ಸೋತದೋ, ಒಳಗ ಸೆನ್ಸರ್ ಹೋಗ್ಯಾದೋ ನೋಡ್ಬೇಕು."

ನಾನು ಸುತ್ತ ನೋಡಿದೆ. ಮಗ, ಸೊಸೆ ಇಬ್ಬರಿಗೂ ಜೇವರ್ಗಿಯಲ್ಲಿ ನೌಕರಿ; ಮೂರನೇ ಇಯತ್ತೆ ಓದುವ ಮೊಮ್ಮಗಳು ನಮ್ಮ ಹತ್ತಿರವೇ ಇದ್ದಾಳೆ. ಹೊಸ್ತಿಲ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು.

"ದಿನಾ ಹಾಕ್ತೀವಿ," ಎಂದು ಮೊಮ್ಮಗಳ ಕಡೆ ಕೈ ಮಾಡಿದೆ. "ಈಕಿದು. ಇನ್ನಾ ಹಾಸಿಗ್ಯಾಗ ಮಾಡ್ಕೋತಾಳ."

ಒಳಗೆ ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ಪಾಟಿಯ ಕಡೆ ಬಗ್ಗಿದಳು. ಬರೆಯಲಿಲ್ಲ.

"ನಾಚಬ್ಯಾಡ ಬೇಟಾ, ನಾನೂ ಸಣ್ಣಾಂವಿದ್ದಾಗ ಮಾಡ್ತಿದ್ದೆ," ಎಂದು ಅವನು ಅವಳಿಂದಲೇ ಒಂದು ಗ್ಲಾಸು ಬಿಸಿನೀರು ತರಿಸಿದ. ಮಶೀನಿನ ಹಿಂಬದಿ ಬಿಚ್ಚಿ, ಬಿಸಿ ಅಳೆಯುವ, ಕಡಲೆಕಾಳಿನಷ್ಟಿದ್ದ ಸೆನ್ಸರ್ ತೆಗೆದು ಮೀಟರಿನ ತಂತಿ ಹಚ್ಚಿದ. ನೀರಿಗೆ ಸ್ವಲ್ಪ ತಣ್ಣೀರು ಬೆರೆಸಿ ಅದನ್ನು ಅದ್ದಿದ. ಬಿಸಿ ಏರಿದಂತೆ ಮೀಟರಿನ ಅಂಕಿ ನಿಧಾನವಾಗಿ ಇಳಿಯಬೇಕಂತೆ. ಇಲ್ಲಿ ಒಮ್ಮೆಲೇ ತಳ ಕಂಡಿತು. ತೆಗೆದು ಒರೆಸಿ, ಮತ್ತೆ ಅದ್ದಿದ. ಅದೇ ಕತೆ.

"ಸೆನ್ಸರ್ ಹೋಗ್ಯಾದ್ರಿ. ನೀರು ಇನ್ನಾ ಉಗುರುಬೆಚ್ಚಗ ಅದ, ಇದು ಕುದಿಯಾಕತ್ತದ ಅಂತ ಸುಳ್ಳು ಹೇಳ್ತದ. ಮಶೀನ್ ಅದನ್ನ ನಂಬಿ ಹೀಟರ್ ಬಂದ್ ಮಾಡ್ತದ."

ಮೊಮ್ಮಗಳು ಗ್ಲಾಸನ್ನೇ ನೋಡುತ್ತ ನಿಂತಿದ್ದಳು. ಹೊಸದು ತರಿಸುತ್ತೇನೆಂದು ಹೇಳಿ ಅವನು ಹೋದ.

"ಕೂಸಿನ ಮ್ಯಾಲೆ ಹಾಕಿದ್ರಲ್ರಿ," ಎಂದಳು ಹೆಂಡತಿ. ಅಷ್ಟೇ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಮತ್ತೆ ಬಂದಾಗ ನಿಜ ಹೇಳಿಬಿಡುವುದೆಂದು ನಿಶ್ಚಯ ಮಾಡಿದೆ. ಮಾತನ್ನೂ ಜೋಡಿಸಿಟ್ಟುಕೊಂಡೆ.

ಅವನು ಬಂದ. ಹೊಸ ಸೆನ್ಸರ್ ಕೂರಿಸಿದ, ಕೌದಿ ಹಾಕಿ ಓಡಿಸಿದ. ರೊಟ್ಟಿಯಂತೆ ಬಿಸಿಯಾಗಿ, ಗರಿಗರಿಯಾಗಿ ಹೊರಬಂತು. ಹೊರಡುವಾಗ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದ.

"ನಮ್ಮ ಅಮ್ಮಿ ಕೊಟ್ಟಾಳ್ರಿ. ಎಳ್ಳು-ಬೆಲ್ಲದ ಉಂಡಿ. ಹಾಸಿಗ್ಯಾಗ ಮಾಡ್ಕೊಳ್ಳೋರಿಗಿ ಭಾಳ ಚಲೋ. ದಿನಾ ಒಂದು ತಿನ್ನು ಬೇಟಾ, ನಿಂದರತದ."

ಜೋಡಿಸಿಟ್ಟ ಮಾತು ಹೇಳುವ ಹೊತ್ತು ಇದೇ ಆಗಿತ್ತು. ಅಷ್ಟು ದೂರದಲ್ಲಿ ಕೂತ ಒಬ್ಬ ಹೆಣ್ಣುಮಗಳು ನನ್ನ ಸುಳ್ಳನ್ನು ನಂಬಿ ಎಳ್ಳು ಹುರಿದಿದ್ದಳು. ಈಗ ಹೇಳಿದರೆ ಇವನ ಮುಖವನ್ನು ಹೇಗೆ ನೋಡಲಿ? ಆ ಮಾತು ಬಿಟ್ಟು ಅವನ ಕೂಲಿ ಎಣಿಸಿಕೊಟ್ಟೆ. ಮೊಮ್ಮಗಳು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಅವನ ಮುಂದೆಯೇ ಒಂದು ಉಂಡಿ ತಿಂದಳು. "ಚಲೋ ಅದಾವ್ರಿ ಕಾಕಾ," ಎಂದಳು. ಅವನು ಖುಷಿಯಾಗಿ ಹೋದ.

ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹುಡುಗಿ ಬಂದು ಬಾಗಿಲು ಎಳೆದು ಮುಂದೆ ಮಾಡಿ, ನನ್ನ ಪಕ್ಕದಲ್ಲಿ ಡಬ್ಬಿ ಇಟ್ಟಳು.

"ಮುತ್ಯಾ, ನೀ ತಿನ್ನು. ಯಾರರ ಕೇಳಿದ್ರ ಎಲ್ಲಾ ನಾನೇ ತಿಂದೆ ಅಂತ ಹೇಳ್ತೀನಿ."

ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡೆ. ನಾನು ನುಂಗುವ ತನಕ ಅವಳು ಅಲ್ಲೇ ನಿಂತಿದ್ದಳು.