ಬುಲ್‌ಡಾಗಿನ ಹೆರಿಗೆ

1997ರಲ್ಲಿ ನಾನು ನಾವುಂದದ ಕಡೆಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು; ಊರವರ ಬಾಯಲ್ಲಿ ಮಾತ್ರ ನಾನೂ ‘ಡಾಕ್ಟ್ರು’. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ಎಮ್ಮೆಗಳಿಗೆ ಗರ್ಭ ಕಟ್ಟಿಸುವುದು, ಕೋಳಿಗಳಿಗೆ ಹನಿ ಮದ್ದು. ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಯಾರಾದರೂ ನಾಯಿಯನ್ನು ಹಿಡಿದುಕೊಂಡು ಬಂದರೆ ದನದ ಹಗ್ಗ ಹಿಡಿದು ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಹತ್ತು ವರ್ಷದೊಳಗೆ ಆ ನಗು ನಿಂತಿತು. ಬೊಂಬಾಯಿಯಲ್ಲಿ ಹೋಟೆಲು ಇಟ್ಟವರು ಊರಿನಲ್ಲಿ ಹೊಸ ಮನೆ ಕಟ್ಟಿದರು. ಮನೆಗೆ ಗೇಟು ಬಂತು, ಗೇಟಿನ ಹಿಂದೆ ಒಂದು ‘ಜಾತಿ ನಾಯಿ’ ಬಂತು. ಮೊದಲು ಬಿಳಿ ಪೊಮೆರೇನಿಯನ್, ಆಮೇಲೆ ಟೀವಿ ಜಾಹೀರಾತಿನಲ್ಲಿ ಕಂಡಿತೆಂದು ಪಗ್, ಅದು ಎಲ್ಲರ ಮನೆಗೂ ಬಂದಾಗ ರಾಟ್‌ವೀಲರ್. ಪಕ್ಕದ ಮನೆಯವನು ತಂದದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬೇಕು, ಅಷ್ಟೇ. ನಾಯಿಯ ಮೇಲೆ ಪ್ರೀತಿ ಇದ್ದವರನ್ನು ಆ ಗೇಟುಗಳ ಹಿಂದೆ ನಾನು ಕಂಡದ್ದು ಬಹಳ ಕಡಿಮೆ.

ನನಗೆ ತೆಕ್ಕಟ್ಟೆಯ ಕಡೆಗೆ ವರ್ಗವಾದ ಮೇಲೆ ಅಲ್ಲಿನ ಒಬ್ಬ ಹೋಟೆಲು ಧಣಿ ಹೇಳಿಕಳಿಸಿದ. ಹೆಣ್ಣು ಬುಲ್‌ಡಾಗ್ ಮರಿಯೊಂದನ್ನು ವಿಮಾನದಲ್ಲಿ ತರಿಸಿದ್ದ. ಬೆಲೆ ನನ್ನ ಆರು ತಿಂಗಳ ಸಂಬಳದಷ್ಟು. ಮರಿಗಿಂತ ಮೊದಲು ಅವನು ತೋರಿಸಿದ್ದು ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ.

“ಕಾಣಿ ಡಾಕ್ಟ್ರೆ, ಐದ್ ತಲೆಮಾರ್ ಬರ್ದಿತ್ತ್. ಇದ್ರ ಅಜ್ಜ ಫಾರಿನ್ ಚಾಂಪಿಯನ್.”

ಜಗುಲಿಯಲ್ಲಿ ಹೂವು ಕಟ್ಟುತ್ತಿದ್ದ ಅವನ ತಾಯಿ ತಲೆಯೆತ್ತಲಿಲ್ಲ. “ನಿನ್ನ ಮುತ್ತಜ್ಜನ ಹೆಸ್ರ್ ಎಂತ ಮಗಾ, ಗೊತ್ತಿತ್ತಾ?” ಎಂದರು. ಧಣಿ ನಕ್ಕು ಕಾಗದವನ್ನು ಒಳಗಿಟ್ಟ. ಅವನಿಗೆ ಗೊತ್ತಿರಲಿಲ್ಲ.

ಆ ಜಾತಿಗೆ ಅಷ್ಟು ಬೆಲೆ ಯಾಕೆಂದು ನಮ್ಮ ಡಾಕ್ಟರು ನನಗೆ ಒಮ್ಮೆ ವಿವರಿಸಿದ್ದರು. ಮೂಗು ಚಪ್ಪಟೆಯಾದಷ್ಟೂ ಬೆಲೆ ಹೆಚ್ಚು, ಆದರೆ ಚಪ್ಪಟೆ ಮೂಗಿನಲ್ಲಿ ಉಸಿರಾಡಲಾಗುವುದಿಲ್ಲ. ತಲೆ ದೊಡ್ಡದಾದಷ್ಟೂ ಬೆಲೆ ಹೆಚ್ಚು, ಆದರೆ ಆ ತಲೆ ತಾಯಿಯ ಸೊಂಟದಿಂದ ಹೊರಗೆ ಬರುವುದಿಲ್ಲ. ಮುಖದ ಮಡಿಕೆಗಳನ್ನು ದಿನವೂ ಒರೆಸದಿದ್ದರೆ ಹುಣ್ಣಾಗುತ್ತದೆ. ಮರಿ ಹಾಕಿಸಲು ಹೊಟ್ಟೆ ಕೊಯ್ಯಬೇಕು, ಕೊಯ್ದರೂ ನಾಲ್ಕೈದು ಮರಿ ಸಿಕ್ಕರೆ ದೊಡ್ಡದು. ಆ ಖರ್ಚೆಲ್ಲ ಬೆಲೆಯೊಳಗೆ ಕೂತಿರುತ್ತದೆ. ಪ್ರಾಣಿಗೆ ಯಾವುದು ಹಿಂಸೆಯೋ ಅದಕ್ಕೇ ಮನುಷ್ಯ ದುಡ್ಡು ಕೊಡುತ್ತಾನೆಂದು ನನಗೆ ಅಂದು ಅರ್ಥವಾಯಿತು.

ಅರ್ಥವಾದ ಮೇಲೂ ನಾನು ಮಾಡಿದ್ದು ಅವನು ಹೇಳಿದ ಕೆಲಸವನ್ನೇ. ಎರಡು ವರ್ಷದ ಬಳಿಕ, ಅದಕ್ಕೆ ಮರಿ ಮಾಡಿಸಬೇಕೆಂದು ಧಣಿ ಹೊರಟಾಗ, ಮಂಗಳೂರಿನಲ್ಲಿದ್ದ ಗಂಡು ನಾಯಿಯನ್ನು ವಿಚಾರಿಸಿ ಗೊತ್ತುಮಾಡಿದವನು ನಾನು. ಆ ಮನೆಯಲ್ಲಿ ನನಗೆ ಕುರ್ಚಿ ಹಾಕುತ್ತಿದ್ದರು, ಬೊಂಬಾಯಿಯ ಸ್ವೀಟು ಕೊಡುತ್ತಿದ್ದರು. ನನ್ನ ಬೆಲೆ ಅಷ್ಟು ಅಗ್ಗವಿತ್ತು.

ನಾಯಿ ಬಸಿರಾಯಿತು. ಹೆರಿಗೆಯ ಆಪರೇಶನ್ನಿಗೆ ದಿನ ಗೊತ್ತುಮಾಡಿಕೊಳ್ಳಿ ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದರು. “ನಾಯಿ ಅಲ್ದಾ, ಅದೇ ಹೆರ್ತ್” ಎಂದು ಹೇಳಿ ಧಣಿ ಬೊಂಬಾಯಿಗೆ ಹೋದ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ ಅವನ ತಾಯಿಯ ಫೋನು ಬಂತು.

“ಹ್ವಾಯ್ ಡಾಕ್ಟ್ರೆ, ಬೇಗ ಬನ್ನಿ. ಬೆಳಿಗ್ಗಿಂದ ಮುಕ್ಕತಾ ಇತ್ತ್, ಮರಿ ಒಂದೂ ಹೊರಗ್ ಬಪ್ಪುದಿಲ್ಲೆ. ಕರೆಂಟೂ ಇಲ್ಲೆ.”

ನಮ್ಮ ಡಾಕ್ಟರು ರಜೆಯಲ್ಲಿದ್ದರು. ನಾನು ಹೋಗುವಾಗ ಎಸಿ ಕೋಣೆ ಒಲೆಯ ಹಾಗೆ ಕಾದಿತ್ತು. ನಾಯಿ ನಾಲಗೆ ಚಾಚಿ ಬಿದ್ದುಕೊಂಡಿತ್ತು. ನಾಲಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಒದ್ದೆ ಗೋಣಿಚೀಲದ ಮೇಲೆ ಅದನ್ನು ಮಲಗಿಸಿ, ಹೊತ್ತು ಕಾರಿಗೆ ಹಾಕಿದೆವು. ಸೊಸೆ ಬರಲಿಲ್ಲ, ಸೀಟು ಹಾಳಾಗುತ್ತದೆಂದು ಹಳೆ ಬೆಡ್‌ಶೀಟು ತಂದುಕೊಟ್ಟಳು. ತಾಯಿ ಮಾತ್ರ ಕಾಲಿಗೆ ಚಪ್ಪಲಿಯೂ ಹಾಕದೆ ಹಿಂದಿನ ಸೀಟಿನಲ್ಲಿ ಕೂತರು.

ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಉಡುಪಿಯ ಆಸ್ಪತ್ರೆಗೆ ಹೋಗುವಾಗ ಬ್ರಹ್ಮಾವರದಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದೆವು. ಆಕೆ ಕೊಡಪಾನದ ನೀರನ್ನು ಅಂಗೈಯಲ್ಲಿ ತೆಗೆದು ನಾಯಿಯ ತಲೆಗೆ ತಟ್ಟುತ್ತ, “ಎಂತ ಹುಟ್ಟ್ ಮಾರಾಯ್ತಿ ನಿಂದ್, ಉಸ್ರ್ ತೆಗುಕೂ ಆತಿಲ್ಲೆ, ಹೆರುಕೂ ಆತಿಲ್ಲೆ” ಎಂದು ಬೈಯುತ್ತಿದ್ದರು. ಬೈಗುಳ ನಿಂತರೆ ನಾಯಿ ಸತ್ತೀತೆಂದು ಹೆದರಿದವರ ಹಾಗೆ ಒಂದೇ ಸಮನೆ ಬೈದರು.

ಉಡುಪಿಯ ಡಾಕ್ಟರು ಕೂಡಲೇ ಮೇಜಿಗೆ ಹಾಕಿದರು. ಐದು ಮರಿ; ಎರಡು ಆಗಲೇ ಸತ್ತಿದ್ದವು. ಅವರು ಹೊರಗೆ ಬಂದು ಹೇಳಿದರು, “ಗರ್ಭಕೋಶ ತೆಗೆದುಬಿಡುವುದು ಒಳ್ಳೆಯದು. ಇನ್ನೊಂದು ಸಲ ಬಸಿರಾದರೆ ಉಳಿಯುವುದಿಲ್ಲ. ಮಾಲೀಕರ ಒಪ್ಪಿಗೆ ಬೇಕು.”

ನಾನು ಧಣಿಗೆ ಫೋನು ಹಚ್ಚಿದೆ. ಅವನ ಮೊದಲ ಮಾತು, “ಮರಿ ಎಷ್ಟ್? ಬಣ್ಣ ಎಂತ?” ತಾಯಿ ನಾಯಿಯ ವಿಷಯ ಅವನು ಕೇಳಲಿಲ್ಲ. ನಾನು ಡಾಕ್ಟರ ಮಾತನ್ನು ತಿಳಿಸಿದೆ.

“ಮಂಡೆ ಸಮ ಇತ್ತಾ ನಿಮ್ಗೆ? ಅದನ್ನ್ ತೆಗ್ದ್ರೆ ಮತ್ತೆ ಅದ್ರಲ್ ಎಂತ ಇತ್ತ್? ಹೊಲ್ದ್ ಕಳ್ಸುಕೆ ಹೇಳಿ.”

ಫೋನಿನಿಂದ ಅವನ ದನಿ ಬೆಂಚಿನ ತನಕ ಕೇಳುತ್ತಿತ್ತು. ತಾಯಿ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಅದನ್ನು ಹಾಗೆಯೇ ಬೆಂಚಿನ ಮೇಲೆ ಕವುಚಿಹಾಕಿ ಡಾಕ್ಟರ ಕಡೆ ತಿರುಗಿದರು.

“ನಂಗೆ ಏಳ್ ಹೆರಿಗೆ ಆಯಿತ್. ಸಾಕ್ ಅಂದ್ ಹೇಳುಕೆ ನಂಗೆ ಒಬ್ರೂ ಇರ್ಲಿಲ್ಲೆ. ತೆಗೀರಿ ಅದನ್ನ್. ಎಲ್ಲಿ ರುಜು ಹಾಕ್ಕ್?”

ಒಪ್ಪಿಗೆ ಪತ್ರದಲ್ಲಿ ‘ಮಾಲೀಕರು’ ಎಂದಿದ್ದ ಜಾಗದಲ್ಲಿ ಮೂರನೇ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಬರೆದರು. ಫೋನಿನೊಳಗೆ ಮಗ ಇನ್ನೂ ಹಲೋ, ಹಲೋ ಎನ್ನುತ್ತಿದ್ದ.

ಬದುಕಿದ ಮೂರು ಮರಿಗಳನ್ನು ಅವನು ಒಂದೂವರೆ ತಿಂಗಳಿಗೆ ಮಾರಿದ. ನನ್ನನ್ನು ಕರೆಸಿ, “ನೀವ್ ಅಲ್ಲಿ ಇದ್ದ್ ಎಂತ ಮಾಡ್ತಿದ್ರಿ?” ಎಂದು ಅಂಗಳದಲ್ಲಿ ನಿಲ್ಲಿಸಿ ಕೇಳಿದ. ಆ ದಿನ ಕುರ್ಚಿ ಬರಲಿಲ್ಲ. ಅಮ್ಮ ಸರಿಯಾದದ್ದನ್ನೇ ಮಾಡಿದರು ಎಂದು ಹೇಳಬಹುದಿತ್ತು. ಬದಲಿಗೆ, “ಅಮ್ಮನೇ ಹೇಳಿದ್ದು, ನಾನೇನೂ ಹೇಳಲಿಲ್ಲ” ಎಂದು ಜಾರಿಕೊಂಡೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಹುಳಿಯಾಗಿ ಉಳಿದಿದೆ.

ಇನ್ನು ಮರಿ ಹಾಕದ ಬುಲ್‌ಡಾಗ್ ಅವನ ಕಣ್ಣಿಗೆ ಬೀಳದಾಯಿತು. ಎಸಿ ಕೋಣೆಯಿಂದ ಅದನ್ನು ಹೊರಗೆ ಹಾಕಿದಾಗ ತಾಯಿ ಅಡುಗೆಮನೆಯ ಹಿಂದಿನ ತಂಪು ನೆಲಕ್ಕೆ ಕರೆದುಕೊಂಡರು. ಹಳೆ ಸೀರೆಯ ತುಂಡಿನಿಂದ ಮುಖದ ಮಡಿಕೆ ಒರೆಸುತ್ತಿದ್ದರು, ಒರೆಸುವಾಗಲೆಲ್ಲ ಬೈಯುತ್ತಿದ್ದರು. ಮಧ್ಯಾಹ್ನ ಇಬ್ಬರೂ ಅಲ್ಲಿಯೇ ಮಲಗಿ ಗೊರಕೆ ಹೊಡೆಯುವುದನ್ನು ನಾನು ಕಂಡಿದ್ದೇನೆ. ಹಾಗೆ ಮೂರು ವರ್ಷ ಬದುಕಿತು.

ಒಂದು ಸೆಕೆಯ ಮಧ್ಯಾಹ್ನ ಅದರ ಉಸಿರು ನಿಂತಿತು. ತಾಯಿ ಆಳು ಕರೆಸಿ ತೆಂಗಿನ ಬುಡದಲ್ಲಿ ಗುಂಡಿ ತೆಗೆಸಿದರು, ಆ ದಿನ ಊಟ ಮುಟ್ಟಲಿಲ್ಲ. ಬೊಂಬಾಯಿಗೆ ಸುದ್ದಿ ಹೇಳಿದವನು ನಾನು. ಅಷ್ಟರೊಳಗೆ ಅವನ ಗೇಟಿನ ಹಿಂದೆ ಹಿಮದ ನಾಡಿನ ಹಸ್ಕಿಯೊಂದು ಬಂದಿತ್ತು.

“ಅದಿರ್ಲಿ ಡಾಕ್ಟ್ರೆ,” ಎಂದ. “ಹಸ್ಕಿದ್ ಕೂದ್ಲ್ ಉದುರ್ತಾ ಇತ್ತಂಬ್ರ್. ಒಂಚೂರ್ ಕಾಣಿ.”