ಜೀವಶಾಸ್ತ್ರದ ಮೇಷ್ಟ್ರ ಕಿವಿಗೂದಲು

ಅವರ ಎರಡೂ ಕಿವಿಗಳ ಅಂಚಿನಲ್ಲಿ ಕಪ್ಪು ಕೂದಲು ಬೆಳೆದಿತ್ತು. ಒಂದೆರಡು ಎಳೆಯಲ್ಲ, ಬೆರಳಲ್ಲಿ ಹಿಡಿದು ತಿರುವಬಹುದಾದಷ್ಟು. ತರಗತಿಯ ಫ್ಯಾನಿನ ಕೆಳಗೆ ನಿಂತರೆ ಅದು ಅಲ್ಲಾಡುತ್ತಿತ್ತು. ಸೀಮೆಸುಣ್ಣದ ಪುಡಿ ಬಿದ್ದ ದಿನ ಬೆಳ್ಳಗಾಗಿ, ಮಧ್ಯಾಹ್ನದೊಳಗೆ ಮೇಷ್ಟ್ರು ಮುದುಕರಾಗಿಬಿಡುತ್ತಿದ್ದರು. ಹುಡುಗರು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಮ್ಮ ಮನೆಯ ಗಂಡಸರಿಗೆಲ್ಲ ಅಂಥದೇ ಕಿವಿ. ಯಸಳೂರಿನ ಕಡೆ ನಮ್ಮದು ಕಿವಿಗೂದಲಿನ ಮನೆ ಅಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತು. ಘಟ್ಟದ ಕೆಳಗಿನಿಂದ ನಮ್ಮ ಮೂಲಪುರುಷ ಹೆಗಲ ಮೇಲೆ ಮೆಣಸಿನ ಬಳ್ಳಿ ಹೊತ್ತುಕೊಂಡು ಹತ್ತಿ ಬಂದನಂತೆ. ಒಬ್ಬ ಮಗ ಮಾರನಹಳ್ಳಿಯಲ್ಲೇ ಉಳಿದನಂತೆ, ಇನ್ನೊಬ್ಬ ಆಲೂರಿನ ಕಡೆ ಹೋದನಂತೆ, ಕಿರಿಯವನು ನಮ್ಮೂರಿಗೆ ಬಂದನಂತೆ. ಅವರ ಸಂತಾನ ಎಲ್ಲೆಲ್ಲಿ ಹರಡಿದ್ದರೂ ಕಿವಿ ನೋಡಿ ಗುರುತು ಹಿಡಿಯಬಹುದು ಎಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು. ಸಂತೆಯಲ್ಲಿ ಅಂಥ ಕಿವಿ ಕಂಡರೆ ಮೂಟೆ ಇಳಿಸಿ, ಆ ಮನುಷ್ಯನನ್ನು ನಿಲ್ಲಿಸಿ ಊರು ಕೇಳುತ್ತಿದ್ದರು. ನಮ್ಮ ಗಂಡಸರು ಆ ಕೂದಲಿಗೆ ಕತ್ತರಿ ಮುಟ್ಟಿಸುತ್ತಿರಲಿಲ್ಲ.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಸಕಲೇಶಪುರದಲ್ಲಿ ಪಿಯುಸಿ ಓದುವಾಗ, ತೊಂಬತ್ತರ ದಶಕದ ನಡುವಿನಲ್ಲಿ, ಅವರು ನಮಗೆ ಜೀವಶಾಸ್ತ್ರ ಹೇಳುತ್ತಿದ್ದರು. ಅವರಷ್ಟು ಪುಕ್ಕಲು ಮನುಷ್ಯರನ್ನು ನಾನು ಕಂಡಿಲ್ಲ. ನಾಯಿ ಕಂಡರೆ ಭಯ, ಪ್ರಿನ್ಸಿಪಾಲರ ಕೆಮ್ಮು ಕೇಳಿದರೆ ಭಯ. ಆನೆಯ ಭಯಕ್ಕೆ ಸಂಜೆಯ ಬಸ್ಸು ಬಿಟ್ಟು ಹಗಲಿನ ಬಸ್ಸಿಗೇ ಆಲೂರಿನ ತಮ್ಮ ಮನೆಗೆ ಹೊರಟುಬಿಡುತ್ತಿದ್ದರು. ಬಾಟಲಿಯಲ್ಲಿ ರಕ್ತ ಹೀರುವ ಇಂಬಳ ತಂದು ತೋರಿಸುವಾಗಲೂ ಮುಚ್ಚಳದ ಮೇಲೆ ಒಂದು ಕೈ ಒತ್ತಿಹಿಡಿದೇ ಇರುತ್ತಿದ್ದರು. ಆದರೆ ನಮ್ಮ ಪ್ರಶ್ನೆಗಳಿಗೆ ಹೆದರುತ್ತಿರಲಿಲ್ಲ. ಉತ್ತರ ತಿಳಿಯದಿದ್ದರೆ, “ನಂಗೊತ್ತಿಲ್ಲ ಕಣಮ್ಮ. ಗೊತ್ತಿಲ್ಲ ಅನ್ನೋಕೆ ಏನು ಖರ್ಚು?” ಎನ್ನುತ್ತಿದ್ದರು.

ಅನುವಂಶೀಯತೆಯ ಪಾಠದ ದಿನ ಮಾತ್ರ ಅವರು ಬೇರೆ ಮನುಷ್ಯ. ಬಿಸಿಲಿದ್ದರೂ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಬೋರ್ಡಿನ ಕಡೆಗೇ ಮುಖ ಮಾಡಿ ಗಡಿಬಿಡಿಯಲ್ಲಿ ಹೇಳಿಕೊಂಡು ಹೋದರು. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ದಾಟುತ್ತದೆ, ಹೆಣ್ಣಿಗೆ ಬರುವುದಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋದರೆ ಲೋಕದ ಗಂಡಸರೆಲ್ಲ ಆಫ್ರಿಕಾದ ಯಾವನೋ ಒಬ್ಬ ಅಪ್ಪನ ಮುಂದೆ ಹೋಗಿ ನಿಲ್ಲುತ್ತಾರೆ. ಹೀಗೆ ಅಪ್ಪನಿಂದ ಮಗನಿಗೆ ಮಾತ್ರ ಬರುವ ಲಕ್ಷಣಕ್ಕೆ ಉದಾಹರಣೆ, ಕಿವಿಯ ಮೇಲಿನ ಕೂದಲು. “ಅಪ್ಪನಿಗಿದ್ದರೆ ಮಗನಿಗೆ ಬರಲೇಬೇಕು ಅಂತ ಪುಸ್ತಕ ಹೇಳುತ್ತೆ,” ಎಂದವರೇ ಗಂಟೆ ಹೊಡೆಯುವ ಮೊದಲೇ ಹೊರಗೆ ಹೋದರು.

ಆ ದಿನ ಊಟಕ್ಕೆ ಕೂತಾಗ ದೊಡ್ಡಪ್ಪನ ಮಗಳು, ನನ್ನ ತರಗತಿಯವಳೇ, ಸಂಭ್ರಮದಿಂದ ಹೇಳಿದಳು: “ಅಪ್ಪಾಜಿ, ನಮ್ಮ ಕಿವಿ ಪುಸ್ತಕದಲ್ಲಿ ಐತೆ!”

ದೊಡ್ಡಪ್ಪ ಅನ್ನ ಕಲಸುವುದನ್ನೂ ಬಿಟ್ಟು ಕೇಳಿದರು. ಆಫ್ರಿಕಾದ ಮಾತು ಅವರಿಗೆ ಹಿಡಿಸಲಿಲ್ಲ. “ನಮ್ಮೋನು ಬಂದಿದ್ದು ಘಟ್ಟದ ಕೆಳಗಿಂದ ಕಣಮ್ಮ, ನಿಮ್ಮ ಮೇಷ್ಟ್ರಿಗೆ ಹೇಳು,” ಎಂದು ನಕ್ಕರು. ನಾವೂ ನಕ್ಕೆವು. ಆಮೇಲೆ ಅವಳು, ಅಪ್ಪನಿಗಿದ್ದರೆ ಮಗನಿಗೆ ಬರಲೇಬೇಕಂತೆ ಎಂದಳು. ದೊಡ್ಡಪ್ಪನ ನಗು ನಿಂತಿತು. ಅವರು ನನ್ನ ಅಣ್ಣನ ಕಡೆ ತಿರುಗಿದರು. ಅಣ್ಣನ ಕಿವಿ ನುಣ್ಣಗಿತ್ತು.

“ನಿಂಗೆ ಎಷ್ಟಾಯ್ತೋ ವಯಸ್ಸು?”

“ಇಪ್ಪತ್ತಾರು, ದೊಡ್ಡಪ್ಪ.”

“ನಿಮ್ಮಪ್ಪಂಗೆ ಇಪ್ಪತ್ತಕ್ಕೇ ಬಂದಿತ್ತು.”

ಅವ್ವ ಸಾರು ಬಡಿಸುತ್ತಿದ್ದಳು. ಸೌಟು ಹಾಗೇ ನಿಂತು, ಸಾರು ನೆಲಕ್ಕೆ ತೊಟ್ಟಿಕ್ಕಿತು. ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವಳ ಪರವಾಗಿ ಮಾತಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಹೆದರಿಕೆ ಒಲೆಯ ಹೊಗೆಯ ಹಾಗೆ ತುಂಬಿಕೊಂಡಿತು. ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದಕ್ಕೇ ಭಯವಾಗುತ್ತಿತ್ತು. ದೊಡ್ಡಮ್ಮ ಅವ್ವನ ಕೈಯಿಂದ ನೀರು ತೆಗೆದುಕೊಳ್ಳುವಾಗ ಒಂದು ಕ್ಷಣ ತಡೆಯುತ್ತಿದ್ದರು. ಕಾಫಿ ಕಣದಲ್ಲಿ ಆಳುಗಳು ಅಣ್ಣನ ಬೆನ್ನ ಹಿಂದೆ ಪಿಸುಗುಡುತ್ತಿದ್ದರು. ಅವ್ವ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಣ್ಣನ ಕಿವಿಗೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಮೀಸೆ ಹೊತ್ತ ಗಂಡಸು, ಮಗುವಿನ ಹಾಗೆ ತಲೆ ಬಗ್ಗಿಸಿ ಕೂತಿರುತ್ತಿದ್ದ. ಬಾಗಿಲ ಸಂದಿಯಿಂದ ಅದನ್ನು ನೋಡಿ ಸದ್ದಾಗದಂತೆ ಹಿಂದೆ ಸರಿದೆ.

ಹಿರಿಯರ ಹಬ್ಬ ಹತ್ತಿರ ಬಂತು. ತೀರಿಕೊಂಡ ಅಪ್ಪನಿಗೆ ಮಗ ಎಲೆ ಹಾಕಿ ಎಡೆ ಇಡಬೇಕು. ದೊಡ್ಡಪ್ಪ ಒಂದು ಬೆಳಿಗ್ಗೆ ಅವ್ವನ ಮುಖ ನೋಡದೆ, “ಈ ಸಲ ತಮ್ಮಂಗೆ ನಾನೇ ಎಡೆ ಇಟ್ಟುಬುಡ್ತೀನಿ. ಭಾನುವಾರ ಮಾರನಹಳ್ಳಿಯೋರು, ಆಲೂರಿನೋರು ಬರ್ತಾವ್ರೆ, ಕೂತು ಮಾತಾಡಾಣ,” ಎಂದರು.

“ಭಾವ, ಅವನು ಇರೋವಾಗ ನೀವ್ಯಾಕೆ ಇಡ್ಬೇಕು?” ಎಂದಳು ಅವ್ವ.

“ಅದನ್ನೇ ಮಾತಾಡಾಣ ಅಂದಿದ್ದು.”

ಮಗ ಎಡೆ ಇಡಲಿಲ್ಲ ಅಂದರೆ ಅವನು ಆ ಅಪ್ಪನ ಮಗನಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ಆಮೇಲೆ ಅವ್ವ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಕೊಡ ಹಿಡಿದು ಬಾವಿಯ ಕಡೆ ಹೊರಟರೆ ನಾನು ಪುಸ್ತಕ ಬಿಸಾಕಿ ಹಿಂದೆಯೇ ಓಡುತ್ತಿದ್ದೆ. “ಯಾಕೆ ಹಿಂದಿಂದೇ ಬತ್ತೀಯ?” ಎಂದು ಗದರುತ್ತಿದ್ದಳು. ನಾನು ಹಗ್ಗ ಹಿಡಿದುಕೊಳ್ಳುತ್ತಿದ್ದೆ.

ಪ್ರಾಕ್ಟಿಕಲ್ ತರಗತಿಯಲ್ಲಿ ಈರುಳ್ಳಿಯ ಬೇರು ಕತ್ತರಿಸುತ್ತಾ ನನಗೆ ಅಳು ಬಂತು. ಈರುಳ್ಳಿಯ ನೆಪ ಹೇಳಿದೆ. ಮೇಷ್ಟ್ರು ನಂಬಲಿಲ್ಲ. “ಬೇರಿಗೆ ಯಾರೂ ಅಳಲ್ಲ ಕಣಮ್ಮ,” ಎಂದರು. ಉಳಿದವರೆಲ್ಲ ಹೋದ ಮೇಲೆ ನಾನು ಎಲ್ಲವನ್ನೂ ಹೇಳಿದೆ.

ಕೇಳುತ್ತಾ ಕೇಳುತ್ತಾ ಅವರ ಮುಖದ ಬಣ್ಣವೇ ಹೋಯಿತು. ಕೈ ತಾನಾಗಿ ಕಿವಿಗೆ ಹೋಯಿತು. ನನಗಿಂತ ಹೆಚ್ಚು ಅವರೇ ಹೆದರಿದ್ದಾರೆ ಅನ್ನಿಸಿತು. “ಭಾನುವಾರ ಬೆಳಗಿನ ಬಸ್ಸು ನಿಮ್ಮೂರಿಗೆ ಎಷ್ಟು ಹೊತ್ತಿಗೆ ಬರುತ್ತೆ?” ಎಂದು ಕೇಳಿದರು.

ಭಾನುವಾರ ನೆಂಟರು ಜಗಲಿಯಲ್ಲಿ ಕೂತಿದ್ದರು. ಎಲ್ಲರ ಕಿವಿಯಲ್ಲೂ ಕೂದಲು. ಅಣ್ಣ ಕಂಬದ ಪಕ್ಕ ನಿಂತಿದ್ದ. ಅವ್ವ ಬಾಗಿಲ ಒಳಗಡೆ ಗೋಡೆಗೆ ಒರಗಿದ್ದಳು, ನಾನು ಅವಳ ಪಕ್ಕದಲ್ಲಿದ್ದೆ. ಆಗ ಅಂಗಳಕ್ಕೆ ಮೇಷ್ಟ್ರು ಬಂದರು, ಬಿಳಿ ಸೀರೆಯ ಒಬ್ಬ ಮುದುಕಿಯ ಕೈ ಹಿಡಿದುಕೊಂಡು. ನಮ್ಮ ನಾಯಿ ಬೊಗಳಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದರು. ಮಫ್ಲರ್ ಇರಲಿಲ್ಲ.

ಮಾರನಹಳ್ಳಿಯ ಹಿರಿಯರು ಅವರ ಕಿವಿ ನೋಡಿದ್ದೇ ಎದ್ದು ನಿಂತರು. “ಬನ್ನಿ ಬನ್ನಿ! ಇವ್ರು ನಮ್ಮೋರೇ ಕಣ್ರೀ, ಕಿವಿ ನೋಡಿ! ಯಾವ ಕವಲು ಸ್ವಾಮಿ ನಿಮ್ದು?” ದೊಡ್ಡಪ್ಪ ತಾವೇ ಚಾಪೆ ಹಾಸಿದರು.

ಮೇಷ್ಟ್ರು ಕೂರಲಿಲ್ಲ. “ನಾನು ಇವಳ ಮೇಷ್ಟ್ರು. ಈ ಪಾಠ ಹೇಳಿದ್ದು ನಾನೇ,” ಎಂದರು ನನ್ನ ಕಡೆ ಕೈ ತೋರಿಸಿ. “ಪುಸ್ತಕದಲ್ಲಿದ್ದದ್ದನ್ನ ಹೇಳಿದೆ. ಅದು ಸರಿಯೋ ತಪ್ಪೋ ನಂಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಅವತ್ತು ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಕಿವಿ ನೀವು ನೋಡಿದ್ರಿ. ನಮ್ಮಪ್ಪನ ಕಿವಿಯಲ್ಲಿ ಸಾಯೋವರೆಗೂ ಒಂದು ಕೂದಲೂ ಇರಲಿಲ್ಲ. ಪುಸ್ತಕವನ್ನೇ ನಂಬಿದರೆ ನಾನು ನಮ್ಮಪ್ಪನ ಮಗ ಅಲ್ಲ. ಇವರು ನಮ್ಮಮ್ಮ. ಏನು ಕೇಳಬೇಕೋ ಕೇಳಿ.”

ಎಲ್ಲರ ಕಣ್ಣೂ ಮುದುಕಿಯ ಮೇಲೆ. ಒಬ್ಬ ಹೆಂಗಸಿನ ಮಾನ ಉಳಿಸಲು ಇನ್ನೊಬ್ಬಳನ್ನು ತಂದು ನಿಲ್ಲಿಸಿದ್ದಾರಲ್ಲ, ಇವರಿಗೆ ತಲೆ ಕೆಟ್ಟಿದೆಯೇ ಅನ್ನಿಸಿತು.

ಆ ಅಜ್ಜಿ ಸೆರಗು ಸರಿಮಾಡಿಕೊಂಡರು. “ಯಾಕ್ರಪ್ಪ ಎಲ್ಲಾ ಹಿಂಗೆ ನೋಡ್ತೀರ? ಅದು ನಮ್ಮಪ್ಪನ ಕಿವಿ. ಥೇಟ್ ನಮ್ಮಪ್ಪನದೇ. ಇವನು ಹುಟ್ಟೋಕೆ ಮುಂಚೆಯೇ ಹೋಗ್ಬುಟ್ಟ ಅವನು, ಇವನೆಲ್ಲಿ ನೋಡ್ಯಾನು?” ಎಂದರು. ಆಮೇಲೆ ಮಗನ ಕಡೆ ತಿರುಗಿ, ದನಿ ತಗ್ಗಿಸಿ, “ಇಷ್ಟು ವರ್ಷ ಇದನ್ನ ಮನಸ್ಸಲ್ಲಿ ಇಟ್ಕಂಡು ನನ್ನ ಕೈಯಲ್ಲಿ ಉಣ್ತಿದ್ದೇನೋ? ಒಂದು ಮಾತು ಕೇಳಕ್ಕಾಗ್ಲಿಲ್ವಾ?” ಎಂದರು.

ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಹೆದರಿಕೆಯಾಗುತ್ತಿತ್ತಂತೆ, ಅಷ್ಟೇ ಹೇಳಿದರು. ಅವ್ವನೇ ಹೊರಗೆ ಬಂದು ನೀರು ಕೊಟ್ಟಳು. ಅವರು ಲೋಟ ಎತ್ತಿ ಪೂರ್ತಿ ಕುಡಿದರು. ಹೊರಡುವಾಗ ದೊಡ್ಡಪ್ಪನಿಗೆ ಒಂದು ಮಾತು ಹೇಳಿದರು: “ನಾಳೆ ಆ ಹುಡುಗನಿಗೆ ಕೂದಲು ಬಂದರೂ ಬರಬಹುದು. ಬಂದರೆ ಅದೂ ಸಾಕ್ಷಿಯಲ್ಲ ಯಜಮಾನ್ರೇ.”

ದೊಡ್ಡಪ್ಪ ತಪ್ಪಾಯಿತು ಅನ್ನಲಿಲ್ಲ. ಅದು ಅವರ ಜಾಯಮಾನವಲ್ಲ. ಹಬ್ಬದ ದಿನ ಅಣ್ಣನನ್ನು ಕರೆದು, “ಏನೋ ನಿಂತ್ಕಂಡು ನೋಡ್ತೀಯ, ನಿಮ್ಮಪ್ಪಂಗೆ ಎಲೆ ಹಾಕೋ,” ಎಂದು ಗದರಿದರು. ಅವ್ವ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮೇಷ್ಟ್ರು ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಮುಂದಿನ ವರ್ಷದ ಹುಡುಗರಿಗೆ ಆ ಪಾಠವನ್ನು ಮಫ್ಲರ್ ಇಲ್ಲದೆ, ತಮ್ಮ ಕಿವಿಯನ್ನೇ ತೋರಿಸಿ, “ಪುಸ್ತಕ ಹೀಗನ್ನುತ್ತೆ, ನಮ್ಮಮ್ಮ ಹಾಗನ್ನುತ್ತಾಳೆ,” ಎಂದು ಹೇಳಿದರಂತೆ. ನಾನೂ ಜೀವಶಾಸ್ತ್ರವನ್ನೇ ಓದಿ ಮೇಡಂ ಆದೆ. ಈಗ ನಾನು ಪಾಠ ಹೇಳುವ ಪುಸ್ತಕದಲ್ಲಿ ಆ ಉದಾಹರಣೆ ಇಲ್ಲ. ಅದನ್ನು ಅವರಿಗೆ ಹೇಳಬೇಕೆಂದು ಹಬ್ಬದಿಂದ ಹಬ್ಬಕ್ಕೆ ಮುಂದೂಡುತ್ತಿದ್ದಾಗ, ಎರಡು ಸಾವಿರದ ಹತ್ತರ ಹತ್ತಿರ ಒಂದು ಮಳೆಗಾಲದ ಕೊನೆಯಲ್ಲಿ, ಅವರು ಹೋದ ಸುದ್ದಿ ಬಂತು. ಅವ್ವ ನನ್ನ ಜೊತೆ ಆಲೂರಿಗೆ ಬಂದಳು. ಅವರ ಕಿವಿಗೂದಲು ಪೂರ್ತಿ ಬೆಳ್ಳಗಾಗಿತ್ತು. ಅವ್ವ ಕಾಲಿಗೆ ನಮಸ್ಕಾರ ಮಾಡಿ ತುಂಬ ಹೊತ್ತು ಏಳಲೇ ಇಲ್ಲ.

ಅದೇ ವರ್ಷ, ನಲವತ್ತು ದಾಟುವ ಹೊತ್ತಿಗೆ, ಅಣ್ಣನ ಕಿವಿಯ ಅಂಚಿನಲ್ಲಿ ಕಪ್ಪಗೆ ಕೂದಲು ಮೂಡಿತು. ಕಣ್ಣು ಮಂಜಾಗಿದ್ದ ದೊಡ್ಡಪ್ಪ ಬೆರಳಿಂದ ಮುಟ್ಟಿ ನೋಡಿ, “ಬಂತು ಕಣೇ! ನಮ್ಮ ಹುಡುಗನೇ ಇವನು, ನೋಡು ಬಾ,” ಎಂದು ಅವ್ವನನ್ನು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು.

ಅವ್ವ ಒಳಗಿನಿಂದ ಕತ್ತರಿ ತಂದಳು. ಅಣ್ಣನ ತಲೆ ಹಿಡಿದು ಪಕ್ಕಕ್ಕೆ ಬಗ್ಗಿಸಿದಳು.

“ಏನು ಮಾಡ್ತೀಯೇ?” ಎಂದರು ದೊಡ್ಡಪ್ಪ.

“ಇದು ಸಾಕ್ಷಿಯಲ್ಲ ಅಂತ ಮೇಷ್ಟ್ರು ಹೇಳೋಗವ್ರೆ, ಭಾವ,” ಎಂದು ಅವ್ವ ಎರಡೂ ಕಿವಿಯ ಕೂದಲನ್ನು ಕತ್ತರಿಸಿ ಅಂಗಳಕ್ಕೆ ಕೊಡವಿದಳು.