ಮೇಣದ ಕೌದಿ

ಆಗ ನಮ್ಮ ಕಡೆ ಕೌದಿಯನ್ನು ಯಾರೂ ಕೊಂಡು ತರುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದರೆ ಸಾಕು, ಅಟ್ಟದ ಮೇಲಿನ ಅರಬಿ ಗಂಟು ಪಡಸಾಲೆಗೆ ಇಳಿಯುತ್ತಿತ್ತು. ಹರಿದ ಸೀರೆ, ಮಾಸಿದ ಧೋತರ, ತೋಳು ಹೋದ ಜಂಪರು, ನಮಗೆ ಗಿಡ್ಡವಾದ ಸಾಲೆಯ ಅಂಗಿ, ಎಲ್ಲ ಅದರಲ್ಲಿರುತ್ತಿದ್ದವು. ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಹೆಂಗಸರು ನಾಲ್ಕೂ ಕಡೆ ಕೂತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಿದ್ದರು. ಹೊಲಿದು ಮುಗಿದ ಕೌದಿಯ ಮೇಲೆ ಬೋರಲು ಬಿದ್ದು ನಾವು ಮಕ್ಕಳು ಒಂದು ಆಟ ಆಡುತ್ತಿದ್ದೆವು. ಒಬ್ಬರು ಒಂದು ತುಂಡಿನ ಮೇಲೆ ಬೆರಳಿಟ್ಟು "ಇದು ಯಾರದು?" ಎನ್ನಬೇಕು. ಇನ್ನೊಬ್ಬರು ಅದು ಆಯಿಯ ಇಳಕಲ್ ಸೀರೆಯೋ, ಮಾವನ ಪಟ್ಟೆಪಟ್ಟೆ ಚಡ್ಡಿಯೋ ಎಂದು ಗುರುತಿಸಬೇಕು. ಕೌದಿಯ ಮೇಲೆ ಮಲಗಿ ಬೆಳೆದವರೆಲ್ಲ ಈ ಆಟ ಆಡಿರುತ್ತೀರಿ.

ನಾನು ಹೇಳಹೊರಟಿರುವ ಕೌದಿಯಲ್ಲಿ ಮಾತ್ರ ಆ ಆಟ ನಡೆಯಲಿಲ್ಲ. ಹೊಲಿಯುವಾಗ ಅದರಲ್ಲಿ ಯಾರ ಸೀರೆಯೂ ಇರಲಿಲ್ಲ.

ನಾನಾಗ ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಅವ್ವನಿಗೆ ಎರಡನೆಯ ಹೆರಿಗೆ ಹತ್ತಿರವಾಗಿತ್ತು. ಸೂಟಿ ಬಿದ್ದ ಕೂಡಲೇ ನಾವಿಬ್ಬರೂ ಮೂಡಲಗಿಯಿಂದ ಬೆಲ್ಲದ ಬಾಗೇವಾಡಿಗೆ, ಆಯಿಯ ಮನೆಗೆ ಬಂದೆವು. ಆಯಿ ಎಂದರೆ ಅವ್ವನ ತಾಯಿ. ಆ ಮನೆಯಲ್ಲಿ ಅವ್ವನ ತಂಗಿ ಕಸ್ತೂರಿ ಚಿಗವ್ವ ಇದ್ದಳು. ಇನ್ನೂ ಮದುವೆಯಾಗಿರಲಿಲ್ಲ. ಬಾಯಿ ಬಿಟ್ಟರೆ ನಗೆ, ಸುಮ್ಮನಿದ್ದರೆ ಏನೋ ಹೊಸ ಯೋಚನೆ. ಆ ವರ್ಷವೆಲ್ಲ ಅವಳು ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಬಂದು ಬಾಟಿಕ್ ಕಲಿತಿದ್ದಳು.

ಬಾಟಿಕ್ ಎಂದರೇನೆಂದು ಅವಳು ನನಗೆ ತೋರಿಸಿಯೇ ಹೇಳಿಕೊಟ್ಟಳು. ಕಾಸಿದ ಮೇಣದಲ್ಲಿ ಕುಂಚ ಅದ್ದಿ ಬಟ್ಟೆಯ ಮೇಲೆ ಎಲೆ, ಬಳ್ಳಿ ಬರೆಯಬೇಕು. ಆಮೇಲೆ ಬಟ್ಟೆಯನ್ನು ಬಣ್ಣದ ನೀರಿಗೆ ಹಾಕಬೇಕು. ಮೇಣವಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಬಟ್ಟೆ ಮುದುರಿದಾಗ ಮೇಣ ಬಿರಿಯುತ್ತದೆ, ಆ ಬಿರುಕುಗಳಲ್ಲಿ ಬಣ್ಣ ಇಳಿದು ಕೂದಲಿನಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಕಲಿಸುತ್ತಿದ್ದ ಶಿಕ್ಷಕಿ ಬಾಯಿಯವರು ಊರು ಬಿಟ್ಟು ಹೋಗುವಾಗ ಅರ್ಧ ಮುಗಿದ ಬಟ್ಟೆಗಳನ್ನೆಲ್ಲ ಹುಡುಗಿಯರಿಗೆ ಹಂಚಿದ್ದರು. ಚಿಗವ್ವ ಒಂದು ಚೀಲದ ತುಂಬ ತಂದಿದ್ದಳು. ಕಡುನೀಲಿ, ಅರಿಶಿನ, ದಾಳಿಂಬೆ ಸಿಪ್ಪೆಯ ಕೆಂಪು, ಎಳೆ ಹಸಿರು. ಚೀಲ ಬಿಚ್ಚಿದರೆ ಮೇಣದ ಬತ್ತಿಯ ವಾಸನೆ ಪಡಸಾಲೆ ತುಂಬುತ್ತಿತ್ತು. ಮೇಣ ಹಾಗೇ ಇದ್ದುದರಿಂದ ಆ ತುಂಡುಗಳು ಹಪ್ಪಳದಂತೆ ಸೆಟೆದು ನಿಲ್ಲುತ್ತಿದ್ದವು.

ಹುಟ್ಟುವ ಕೂಸಿಗೆ ಅವುಗಳಿಂದಲೇ ಕೌದಿ ಹೊಲಿಯುತ್ತೇನೆಂದು ಚಿಗವ್ವ ಹಟ ಹಿಡಿದಳು. ಹುಕ್ಕೇರಿಯಲ್ಲಿ ಒಂದು ಖೋಲಿ ಹಿಡಿದು ತಾನೇ ಬಾಟಿಕ್ ಕಲಿಸಬೇಕೆಂಬುದು ಅವಳ ಆಸೆ. ಕಲಿಯಲು ಬರುವವರಿಗೆ ಮೊದಲು ತೋರಿಸುವುದು ಇದೇ ಕೌದಿಯನ್ನು ಎಂದು ಅವ್ವನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಆಯಿ ಒಪ್ಪಲಿಲ್ಲ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಮನೆಯವರು ಉಟ್ಟು, ಒಗೆದು, ಮೆತ್ತಗಾದದ್ದೇ ಬೇಕು.

"ಹೊಸಾ ಅರಬಿ ಕೂಸಿನ ಮೈಗೆ ಚುಚ್ಚತೈತಿ. ಅದರಾಗ ಇದು ತಗಡ ಇದ್ದಂಗ ಐತಿ" ಎಂದಳು ಆಯಿ.

"ಹಂಗಾರ ಹಳೇದು ಮಾಡೂಣಲ್ಲ. ಕುದಿಸಿದ್ರ ಮೇಣ ಬಿಟ್ಟು ಹೊಕ್ಕೈತಿ, ಮೆತ್ತಗ ಆಕ್ಕೈತಿ" ಎಂದಳು ಚಿಗವ್ವ.

ಹೀಗೆ ತಾಯಿ ಮಗಳ ನಡುವೆ ರಾಜಿಯಾಯಿತು. ಹೊಸದನ್ನು ಹಳೆಯದು ಮಾಡುವ ಕೆಲಸ ಹಿತ್ತಿಲಲ್ಲಿ ನಡೆಯಿತು. ಮೂರು ಕಲ್ಲಿನ ಒಲೆಯ ಮೇಲೆ ನೀರು ಕಾಯಿಸುವ ಹಂಡೆ ಇಟ್ಟು, ತುಂಡುಗಳನ್ನು ಹಾಕಿ, ಬಡಿಗೆಯಿಂದ ತಿರುವಿದರು. ಮೇಣ ಕರಗಿ ತುಪ್ಪದಂತೆ ಮೇಲೆ ತೇಲಿತು. ನೀರು ಆರಿದಾಗ ಅದು ಕೆನೆಯಂತೆ ಗಟ್ಟಿಯಾಯಿತು. ಚಿಗವ್ವ ಅದನ್ನು ಎತ್ತಿ ಬಿಸಾಡಲು ಹೋದಾಗ ಆಯಿ ತಡೆದಳು. ದಾರಕ್ಕೆ ಮೇಣ ಸವರಿದರೆ ಸೂಜಿ ಸಲೀಸಾಗಿ ಓಡುತ್ತದೆ, ದಾರ ಸಿಕ್ಕಾಗುವುದಿಲ್ಲ ಎಂಬುದು ಕೌದಿ ಹೊಲಿಯುವವರಿಗೆಲ್ಲ ಗೊತ್ತಿದ್ದ ಮಾತು. ಕಸ ಬೆರೆತಿದ್ದರೂ ಪರವಾಗಿಲ್ಲ, ಕಾಸಿ ಸೋಸಿಕೊಂಡರಾಯಿತು ಎಂದು ಆಯಿ ಅದನ್ನು ಒಂದು ಹಳೆಯ ಬೋಗಣಿಯಲ್ಲಿ ತುಂಬಿಟ್ಟಳು.

ಆ ದಿನಗಳು ಚೆನ್ನಾಗಿದ್ದವು. ಇದನ್ನು ಬರೆಯುವಾಗಲೂ ಹಾಗೆಯೇ ಅನ್ನಿಸುತ್ತದೆ, ಮುಂದೆ ಆದದ್ದು ಗೊತ್ತಿದ್ದರೂ. ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಹೊಲಿಗೆ. ಚುರಮರಿಗೆ ಎಣ್ಣೆ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ಕಲಸಿ ಒಂದು ಬುಟ್ಟಿಯಲ್ಲಿ ಇಟ್ಟಿರುತ್ತಿದ್ದರು. ಎಣ್ಣೆ ಕೈ ಬಟ್ಟೆಗೆ ಹತ್ತಬಾರದೆಂದು ಪ್ರತಿ ಸಲವೂ ಸೆರಗಿಗೆ ಒರೆಸಿಕೊಳ್ಳಬೇಕಿತ್ತು. ಬಾಜೂ ಮನೆಯ ನೀಲಕ್ಕ ಹೊಲಿಯಲು ಬರುತ್ತಿದ್ದಳು, ಅದಕ್ಕಿಂತ ಹೆಚ್ಚಾಗಿ ಆಡಿಕೊಳ್ಳಲು ಬರುತ್ತಿದ್ದಳು.

"ಏನ ಕಸ್ತೂರಿ, ಹೊಸಾ ಅರಬಿ ಕತ್ತರಿಸಿ ಕೌದಿ ಹೊಲ್ಯಾಕತ್ತಿ. ನಿಮ್ಮ ಮನ್ಯಾಗ ಹಳೇ ಸೀರಿ ತೀರಿದುವೇನು?"

"ನಿನ್ನ ಮೈಮ್ಯಾಲಿಂದು ಒಂದು ಉಳದೈತಲ್ಲ ನೀಲಕ್ಕಾ. ಬಿಚ್ಚಿಕೊಡು, ಈಗ ಹಚ್ಚತೇನಿ."

ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಗಿಸಬೇಡಿರಿ ಎಂದು ಬೇಡಿಕೊಳ್ಳುತ್ತಿದ್ದಳು. ನನ್ನ ಆಟಕ್ಕೆ ಈ ಕೌದಿಯಲ್ಲಿ ಯಾರ ಸೀರೆಯೂ ಇಲ್ಲವೆಂದು ನಾನು ಮುಖ ಸಣ್ಣದು ಮಾಡಿದಾಗ ಚಿಗವ್ವ ಬೇರೆ ಆಟ ಹುಡುಕಿದಳು. ಮೇಣದ ಬಿರುಕಿನ ಗೆರೆಗಳಲ್ಲಿ ಚಿತ್ರ ಕಾಣುವ ಆಟ. ಒಂದರಲ್ಲಿ ಒಣಗಿದ ಕೆರೆ, ಇನ್ನೊಂದರಲ್ಲಿ ಮುದುಕಿಯ ಅಂಗೈ. ನೀಲಿ ತುಂಡೊಂದರಲ್ಲಿ ನನಗೆ ನೀಲಕ್ಕನ ಮೂಗು ಕಂಡಿತ್ತು. ಅದನ್ನು ಹೇಳಿ ಬೈಸಿಕೊಂಡಿದ್ದೆ.

ನಡುವಿನ ಒಂದಿಷ್ಟು ಜಾಗ ಬಿಟ್ಟರೆ ಕೌದಿ ಮುಗಿಯುತ್ತ ಬಂದಿತ್ತು. ಆ ಮಧ್ಯಾಹ್ನ ನೀಲಕ್ಕ ಇನ್ನೂ ಬಂದಿರಲಿಲ್ಲ. ಪಡಸಾಲೆಯಲ್ಲಿ ಸೆಕೆ ಎಂದು ಅವ್ವ ಅಡುಗೆಮನೆಯ ಬಾಗಿಲಲ್ಲಿ, ಹಿತ್ತಿಲ ಗಾಳಿ ಬರುವ ಕಡೆ ಕೂತಿದ್ದಳು. ಕೌದಿಯ ಒಂದು ತುದಿ ಅವಳ ತೊಡೆಯ ಮೇಲೆ, ಉಳಿದದ್ದು ನೆಲದ ಮೇಲೆ ಹರಡಿತ್ತು. ಚಿಗವ್ವ ಪಡಸಾಲೆಯ ಕಡೆಯಿಂದ ಹೊಲಿಯುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ತುಂಡುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಅಡುಗೆಮನೆಯಲ್ಲಿ ಆಯಿ ಮೇಣದ ಬೋಗಣಿಯನ್ನು ಸ್ಟೋವಿನ ಮೇಲೆ ನೇರವಾಗಿ ಇಟ್ಟು, ಸೋಸಲು ಅರಬಿ ಚೂರು ಹುಡುಕುತ್ತ ನಿಂತಿದ್ದಳು.

ಮೊದಲು ಬಂದದ್ದು ಹೊಗೆ. ಬೆಳ್ಳಗಿನ ದಪ್ಪ ಹೊಗೆ. ಆಮೇಲೆ ಬೋಗಣಿಯ ಬಾಯಿಯಲ್ಲಿ ಉರಿ ಕಾಣಿಸಿತು. ದೊಡ್ಡ ಉರಿಯಲ್ಲ, ದೀಪದ್ದಕ್ಕಿಂತ ಸ್ವಲ್ಪ ಹೆಚ್ಚು. ಆಯಿ ತಿರುಗಿ ನೋಡಿದಳು. ಪಕ್ಕದಲ್ಲೇ ತುಂಬಿದ ಕೊಡವಿತ್ತು, ಅದರ ಮೇಲೆ ಚರಗಿ ಇತ್ತು. ಬೆಂಕಿ ಕಂಡರೆ ಕೈ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಗೇ ಅವಳ ಕೈ ಹೋಯಿತು. ಚರಗಿ ತುಂಬಿಕೊಂಡಳು, ಆದರೆ ಒಂದು ಕ್ಷಣ ತಡೆದಳು. ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಆ ತಡೆದ ಕ್ಷಣವೇ. ಹಾಕಬೇಕೋ ಬೇಡವೋ ಎಂಬಂತೆ ಅವಳು ಚಿಗವ್ವನ ಕಡೆ ನೋಡಿದಳು. ಮೇಣದ ವಿಷಯ ಗೊತ್ತಿದ್ದವಳು ಅವಳಲ್ಲವೇ.

ಚಿಗವ್ವ ಸೂಜಿ ಬಿಟ್ಟು ಎದ್ದು ಕೂಗಿದಳು. "ಅವ್ವಾ, ನೀರ ಹಾಕಬ್ಯಾಡ."

ನಮ್ಮ ಭಾಷೆಯಲ್ಲಿ ಬೇಡ ಎನ್ನುವ ಮಾತು ಕೊನೆಗೆ ಬರುತ್ತದೆ. ನಮ್ಮ ಊರ ಮಾತಿನಲ್ಲಿ "ನೀರ ಹಾಕ" ಎಂದರೆ ನೀರು ಹಾಕು ಎಂದೇ ಅರ್ಥ. ಆಯಿ ಅಷ್ಟನ್ನು ಕೇಳಿದಳು, ಹಾಕಿದಳು. ಕೊನೆಯ ಮಾತು ಬರುವ ಹೊತ್ತಿಗೆ ಚರಗಿ ಬರಿದಾಗಿತ್ತು.

ಉರಿ ಮಾಡಿನ ತೊಲೆಯವರೆಗೆ ಎದ್ದಿತು. ಸದ್ದು ಗೋಣಿಚೀಲ ಝಾಡಿಸಿದಂತೆ ಇತ್ತು, ಅಷ್ಟೇ. ಉರಿಯುವ ಮೇಣದ ಹನಿಗಳು ಬಾಗಿಲ ಕಡೆ ಸಿಡಿದು ಕೌದಿಯ ಮೇಲೆ ಬಿದ್ದವು. ಅವ್ವನಿಗೆ ಏಳಲಾಗಲಿಲ್ಲ. ಚಿಗವ್ವ ಎಡಗೈಯಿಂದ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು, ಬಲಗೈಯಿಂದ ಅವಳ ತೊಡೆಯ ಮೇಲಿನ ಕೌದಿಯ ಉರಿ ಬಡಿದಳು. ಅಂಗೈಯಿಂದಲೇ ಬಡಿದಳು. ಮೇಣ ಕೈಗೆ ಅಂಟಿಕೊಂಡು ಕೈಯೇ ಉರಿಯಿತು. ಅದೇ ಕೈಯಿಂದ ರೊಟ್ಟಿ ಹಿಟ್ಟು ನಾದುವ ಪರಾತ ಎತ್ತಿ ಬೋಗಣಿಯ ಮೇಲೆ ಬೋರಲು ಹಾಕಿದಳು. ಉರಿ ಅಲ್ಲಿಗೆ ನಿಂತಿತು. ಆಯಿ ಗೋಡೆಗೆ ಒರಗಿ ನಿಂತಿದ್ದಳು. ಚರಗಿ ಇನ್ನೂ ಕೈಯಲ್ಲಿತ್ತು. ನಾನು ಕೂತಲ್ಲಿಂದ ಏಳಲಿಲ್ಲ, ಅಳಲೂ ಇಲ್ಲ ಎಂದು ಅವ್ವ ಆಮೇಲೆ ಹೇಳಿದಳು.

ನೀಲಕ್ಕನ ಗಂಡ ಜೀಪು ತಂದ. ಚಿಗವ್ವನನ್ನು ಸಂಕೇಶ್ವರದ ದವಾಖಾನೆಗೆ ಒಯ್ದರು. ಅವ್ವನ ಮೈಗೆ ಒಂದು ಹನಿಯೂ ತಾಗಿರಲಿಲ್ಲ. ಚಿಗವ್ವನ ಬಲಗೈಯ ಅಂಗೈ, ಹೆಬ್ಬೆರಳು, ಅದರ ಪಕ್ಕದ ಬೆರಳುಗಳು ಸುಟ್ಟಿದ್ದವು. ಮರುದಿನ ಆಯಿಯ ಜೊತೆ ನಾನೂ ಹೋದೆ. ಮಂಚದ ಪಕ್ಕದಲ್ಲಿ ಆಯಿ ಕೂತಳು. ನೆಲ ನೋಡುತ್ತ ಕೇಳಿದಳು.

"ನೀನ ಅಂದೆಲ್ಲ ಕಸ್ತೂರಿ, ನೀರ ಹಾಕ ಅಂತ."

ಅದು ತಪ್ಪು ಹೊರಿಸುವ ದನಿಯಾಗಿರಲಿಲ್ಲ. ಹೌದು ಎನ್ನಿಸಿಕೊಳ್ಳಬೇಕೆಂಬ ದನಿ. ಚಿಗವ್ವ ಅವಳ ಮುಖ ನೋಡಿದಳು. ಪಟ್ಟಿ ಸುತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೇಳಿದಳು.

"ಹೂಂ ಅವ್ವಾ. ನಾನ ಅಂದೆ."

ಆಯಿ ಸೆರಗಿನಿಂದ ಮುಖ ಒರೆಸಿಕೊಂಡು, ಗಂಜಿ ಕುಡಿಸಲು ಎದ್ದಳು. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಕೌದಿಯನ್ನು ಮುಗಿಸಿದವಳು ನೀಲಕ್ಕ. ಸುಟ್ಟು ತೂತಾದ ಕಡೆಗಳಲ್ಲೆಲ್ಲ ತನ್ನದೇ ಹಳೆಯ ಸೀರೆ ಹರಿದು ಹಚ್ಚಿದಳು. ಯಾರನ್ನೂ ಆಡಿಕೊಳ್ಳದೆ ಅವಳು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಆಗ ಮಾತ್ರ. ತಮ್ಮ ಹುಟ್ಟಿದ. ಆ ಕೌದಿಯ ಮೇಲೆಯೇ ಮಲಗಿದ, ಉಚ್ಚೆ ಹೊಯ್ದ, ಬೆಳೆದ. ಚಿಗವ್ವನ ಗಾಯ ಮಾಯಿತು. ಆದರೆ ಸುಟ್ಟ ತೊಗಲು ಬಿಗಿದು ಹೆಬ್ಬೆರಳು ಅಂಗೈ ಕಡೆ ಬಾಗಿತು. ರೊಟ್ಟಿ ಬಡಿಯಲು ಹೇಗೋ ಕಲಿತಳು. ಕುಂಚ, ಸೂಜಿ ಮಾತ್ರ ಹಿಡಿಯಲಾಗಲಿಲ್ಲ. ಹುಕ್ಕೇರಿಯ ಖೋಲಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮುಂದೆ ಕಾಲೇಜಿನಲ್ಲಿ ವಿಜ್ಞಾನ ಓದಿದೆ. ಉರಿಯುವ ಮೇಣಕ್ಕೆ ನೀರು ಹಾಕಿದರೆ ಏನಾಗುತ್ತದೆ ಎಂದು ಅಧ್ಯಾಪಕರು ಒಂದು ದಿನ ವಿವರಿಸಿದರು. ನೀರು ಕೆಳಗೆ ಇಳಿಯುತ್ತದೆ, ಒಮ್ಮೆಲೇ ಉಗಿಯಾಗುತ್ತದೆ, ಮೇಲಿನ ಮೇಣವನ್ನು ಎತ್ತಿ ಎಸೆಯುತ್ತದೆ. ನಾನು ಬರೆದುಕೊಂಡೆ. ಕಾರಣ ತಿಳಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಈಗಲೂ ಒಗ್ಗರಣೆಯ ಎಣ್ಣೆ ಹೊಗೆಯಾಡಿದರೆ ಒಲೆ ಆರಿಸಿಬಿಡುತ್ತೇನೆ. ತೊಟ್ಟಿಲಿನ ವಯಸ್ಸಿನ ಯಾವ ಕೂಸು ಕಂಡರೂ ಆ ಬಾಗಿಲು, ಅವ್ವನ ತೊಡೆ, ಚರಗಿ ಕಣ್ಣ ಮುಂದೆ ಬರುತ್ತವೆ. ಒಮ್ಮೊಮ್ಮೆ ಮನಸ್ಸು ಆ ವಾಕ್ಯವನ್ನೇ ತಿದ್ದಲು ಕೂಡುತ್ತದೆ. ಮೊದಲು "ಬ್ಯಾಡ" ಅಂದಿದ್ದರೆ. ಬರೀ "ತಡಿ" ಅಂದಿದ್ದರೆ. ಇಷ್ಟು ವರ್ಷ ತಿದ್ದಿ ತಿದ್ದಿ ದಣಿದಿದ್ದೇನೆ.

ಆಯಿ ತೀರಿಕೊಂಡು ಬಹಳ ಕಾಲವಾಯಿತು. ಚಿಗವ್ವ ಮದುವೆಯಾಗಿ ಗೋಕಾಕದಲ್ಲಿದ್ದಾಳೆ, ಕೂದಲು ಪೂರ್ತಿ ನರೆತಿದೆ. ಈಚೆಗೆ ಅವಳ ಮನೆಗೆ ಹೋಗಿದ್ದೆ. ಚಹಾ ಕುಡಿದು ಕೂತಾಗ, ಇಷ್ಟು ದಿನ ಒಳಗಿದ್ದದ್ದು ತಾನಾಗಿ ಹೊರಗೆ ಬಂತು. ನೀನು ನೀರು ಹಾಕು ಎಂದಿರಲಿಲ್ಲ, ಹಾಕಬೇಡ ಎಂದಿದ್ದೆ, ನಾನು ಪಕ್ಕದಲ್ಲೇ ಕೂತು ಪೂರ್ತಿ ಕೇಳಿದ್ದೆ ಎಂದೆ. ಅವಳು ಕಪ್ಪು ಬಸಿ ಕೆಳಗಿಟ್ಟಳು.

"ನೀ ಕೇಳಿದ್ದಿ ಏನು?"

"ಕೇಳಿದ್ದೆ ಚಿಗವ್ವಾ."

ಒಳಗಿನ ಖೋಲಿಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಅವಳು ದನಿ ತಗ್ಗಿಸಿ ಕೇಳಿದಳು.

"ನಿಮ್ಮ ಆಯಿ ಮುಂದ ಎಂದೂ ಹೇಳಿಲ್ಲಲ್ಲ?"

"ಇಲ್ಲ."

"ಚಲೋ ಮಾಡಿದಿ" ಎಂದು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು.

ಈಗ ಕೌದಿ ಅಂಗಡಿಯಲ್ಲಿ ಸಿಗುತ್ತದೆ. ಬಾಟಿಕ್ ತುಂಡುಗಳದ್ದೂ ಸಿಗುತ್ತದೆ, ಮಷಿನ್ನಿನಲ್ಲಿ ಹೊಲಿದದ್ದು. ಹಳೆಯ ಸೀರೆ ಹಾಕಿ ಹೊಲಿಯೋಣವೆಂದರೆ ಈಗಿನ ಸೀರೆಗಳು ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ. ನಾಲ್ಕೂ ಕಡೆ ಕೂಡಲು ಹೆಂಗಸರಿಗೆ ಪುರುಸೊತ್ತೂ ಇಲ್ಲ. ಇವೆಲ್ಲ ಹೋದದ್ದಕ್ಕೆ ನನಗೆ ಬೇಸರವಿದೆ, ಆದರೆ ಅಳುವಷ್ಟಿಲ್ಲ. ಬೆಲೆ ಕಟ್ಟಲಾಗದೆ ಉಳಿದದ್ದು ಬೇರೆಯೇ. ತಾಯಿ ನೆಮ್ಮದಿಯಾಗಿ ಸಾಯಲೆಂದು, ತಾನು ಆಡಿದ ಮಾತಿನ ಕೊನೆಯನ್ನು ಮಗಳೊಬ್ಬಳು ನುಂಗಿಕೊಂಡು ಇಷ್ಟು ವರ್ಷ ಬದುಕಿದಳು. ಇಂಥ ಕೆಲಸ ಈಗ ಯಾರಿಗಾದರೂ ಸಾಧ್ಯವೇ, ನನಗೆ ಸಾಧ್ಯವಿತ್ತೇ, ಗೊತ್ತಿಲ್ಲ. ಅವಳ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ಹುಕ್ಕೇರಿ ಬಸ್ಸು ಬಂತು, ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಘಟಪ್ರಭಾ ದಾಟುವವರೆಗೂ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.